ಸಾವುಕಾರರ ಗಾಡಿ ಚೀರಿದ ದಿನ

ನನ್ನ ತಂಗಿ ಗಾಡಿ ರಿಪೇರಿ ಮಾಡುತ್ತಾಳೆ. ಇದನ್ನು ಹೇಳಿದಾಗಲೆಲ್ಲ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ “ಅಂದ್ರ, ಗ್ಯಾರೇಜಿನಾಗ ಬಿಲ್ ಬರೀತಾರೇನ್ರಿ?” ಎನ್ನುತ್ತಾರೆ. ಬಿಲ್ ಅಲ್ಲರೀಪಾ, ಗಾಡಿ. ಬಾನೆಟ್ ಎತ್ತುತ್ತಾಳೆ, ಗಾಡಿಯ ಕೆಳಗೆ ಮಲಗುತ್ತಾಳೆ, ಮೊಣಕೈವರೆಗೆ ಕರ್ರಗಾಗಿ ಎದ್ದು ಬರುತ್ತಾಳೆ. ಅವಳ ಅಕ್ಕನಾದ ನಾನು ಶಹಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಕೆಲಸದ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳಿದ್ದಿಲ್ಲ. ಅವಳ ಕೆಲಸದ ಬಗ್ಗೆ ನಾನೇ ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತೇನೆ. ಬಡಾಯಿ ಕೊಚ್ಚಿಕೊಳ್ಳುತ್ತೀ ಎಂದರೆ, ಹೌದು, ಕೊಚ್ಚಿಕೊಳ್ಳುತ್ತೇನೆ. ತಂಗಿ ನನ್ನವಳು, ಬಾಯಿ ನನ್ನದು, ನಿಮ್ಮ ಗಂಟೇನು ಹೋಯಿತು?

ಸುರಪುರದ ಬಸ್ ಸ್ಟ್ಯಾಂಡ್ ದಾಟಿ ಸ್ವಲ್ಪ ಮುಂದೆ ಬಂದರೆ ನಮ್ಮ ಅಬ್ಬಾರ ಗ್ಯಾರೇಜು ಸಿಗುತ್ತದೆ. ತಗಡಿನ ಚಪ್ಪರ, ಮುಂದೆ ಬೇವಿನ ಮರ, ಮರದ ಕೆಳಗೆ ಅಬ್ಬಾರ ಕುರ್ಚಿ. ಮನೆಯಲ್ಲಿ ನಮ್ಮದು ದಖನಿ ಮಾತು, ಅಂಗಡಿಯಲ್ಲಿ ಕನ್ನಡ. ಒಂದು ಕಾಲದಲ್ಲಿ ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಅಬ್ಬಾ ಚಹಾದ ಬಸಿ ಕೆಳಗಿಟ್ಟು, “ಪಂಖಾ ಸಡ್ಲ ಆಗ್ಯಾದ ನೋಡು” ಎನ್ನುತ್ತಿದ್ದರು. ಗಾಡಿ ಬಂದು ನಿಂತ ಮೇಲೆ ಬಾನೆಟ್ ತೆಗೆದರೆ ಎಂಜಿನ್ನಿನ ಫ್ಯಾನು ಸಡಿಲವೇ ಆಗಿರುತ್ತಿತ್ತು. ಅಂಥ ಕಿವಿ. ಆದರೆ ಜೀವಮಾನವೆಲ್ಲ ಸುತ್ತಿಗೆಯ ಬಡಿತ, ಎಂಜಿನ್ನಿನ ಅಬ್ಬರ ಕೇಳಿ ಕೇಳಿ ಆ ಕಿವಿಯೇ ಮಂದವಾಯಿತು. ಈಗ ಹತ್ತಿರ ಹೋಗಿ ಜೋರಾಗಿ ಹೇಳಿದರೆ ಮಾತ್ರ ಕೇಳಿಸುತ್ತದೆ. ಅದರ ಹಿಂದೆಯೇ ಬೆನ್ನು ನೋವೂ ಹಿಡಿದು ಬಗ್ಗುವುದು ಕಷ್ಟವಾಯಿತು.

ತಂಗಿ ಶಾಲೆಗೆ ಹೋಗುವ ಕಾಲದಿಂದಲೂ ಅವರ ಬೆನ್ನ ಹಿಂದೆಯೇ ಇದ್ದವಳು. ಯಾದಗಿರಿಗೆ ಹೋಗಿ ಐಟಿಐ ಮುಗಿಸಿ ಬಂದಳು. ಅಬ್ಬಾರಿಗೆ ಬಗ್ಗಲಾಗದ ಮೇಲೆ ಎಲ್ಲ ಕೆಲಸ ಅವಳದೇ ಆಯಿತು. ಆದರೂ ಗಿರಾಕಿಗಳ ಲೆಕ್ಕದಲ್ಲಿ ಗಾಡಿ ಮಾಡುವವರು ಅಬ್ಬಾ, ಇವಳು ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತ ಹುಡುಗಿ ಅಷ್ಟೇ. ಕುರ್ಚಿಯಲ್ಲಿ ಕುಳಿತ ಅಬ್ಬಾ ತೂಕಡಿಸುತ್ತಿದ್ದರೂ ಸರಿ, “ಚಾಚಾ ಕುಂತು ಮಾಡಿಸ್ಯಾರ” ಎಂದೇ ಹೇಳಿ ಗಾಡಿ ಒಯ್ಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಂಗಿ ನಗುತ್ತಿದ್ದಳು. “ಗಾಡಿ ಸರಿ ಹೋತಲ್ಲ ಆಪಾ, ಹೆಸರು ಯಾರದಾದ್ರೇನು?” ಎನ್ನುತ್ತಿದ್ದಳು. ಆದರೆ ಅವಳಿಗೂ ಆ ಮಾತು ಚುಚ್ಚುತ್ತಿತ್ತು. ನಕ್ಕಮೇಲೆ ಪಾನಾಗಳನ್ನು ಡಬ್ಬಿಗೆ ಹಾಕುವ ಸದ್ದು ಜೋರಾಗುತ್ತಿತ್ತು.

ಕಳೆದ ವರ್ಷ ಅಬ್ಬಾರ ಬೆನ್ನು ನೋವು ಹೆಚ್ಚಾಗಿ ಹಾಸಿಗೆ ಹಿಡಿದರು. ಕುರ್ಚಿ ಖಾಲಿಯಾದದ್ದೇ ತಡ, ಗಿರಾಕಿಗಳೂ ಖಾಲಿಯಾದರು. ಅದೇ ಹೊತ್ತಿಗೆ ಯಾದಗಿರಿಯ ಮಿಸ್ತ್ರಿಯೊಬ್ಬರು ಅಂಗಡಿಯನ್ನು ಬಾಡಿಗೆಗೆ ಕೇಳಿದರು. ಕೆಟ್ಟ ಮನುಷ್ಯರಲ್ಲ, ಕೆಲಸ ಬಲ್ಲವರು. ಅಬ್ಬಾರಿಗೆ ಮನಸ್ಸಾಗಿಬಿಟ್ಟಿತ್ತು. ಮಗಳ ಕೈಯ ಮೇಲೆ ಅವರಿಗೆ ಗುಮಾನಿ ಇರಲಿಲ್ಲ, ಊರವರ ನಾಲಿಗೆಯ ಮೇಲೆ ಇತ್ತು. ತಂಗಿ ಊಟ ಬಿಟ್ಟು ಕೂತಳು. ನಾನು ಶಹಾಪುರದಿಂದ ಹೋಗಿ ಅಬ್ಬಾರ ಸಂಗಡ ಜಗಳ ಆಡಿದೆ. ಕಿವಿ ಕೇಳದವರ ಸಂಗಡ ಜಗಳ ಆಡಿ ನೋಡಿ, ಓಣಿಗೆಲ್ಲ ಗೊತ್ತಾಗುತ್ತದೆ.

ಕೊನೆಗೆ ಅಬ್ಬಾ ಒಂದು ಮಾತು ಹೇಳಿದರು. ಹತ್ತಿ ವ್ಯಾಪಾರದ ಅಡತಿಯ ಸಾವುಕಾರರ ದೊಡ್ಡ ಗಾಡಿ ಸ್ಟೇರಿಂಗ್ ಕೆಟ್ಟು ಅಂಗಡಿಗೆ ಬಂದಿತ್ತು. “ಇದೊಂದು ಗಾಡಿ ನೀ ಒಬ್ಬಾಕೇ ಮಾಡು ಬೇಟಿ. ನಾ ಅಂಗಡಿಗಿ ಬರಂಗಿಲ್ಲ. ಸಾವುಕಾರ್ರು ಒಪ್ಪಿ ಒಯ್ದ್ರ ಅಂಗಡಿ ನಿಂದು. ಗಾಡಿ ತಿರುಗಿ ಬಂತಂದ್ರ ಮಿಸ್ತ್ರಿಗಿ ಕೊಟ್ಟುಬಿಡೋಣ. ಮತ್ತ ಅಳಬಾರ್ದು.” ತಂಗಿ ಅಳಲಿಲ್ಲ. ಆಗಲೇ ಎದ್ದು ಎರಡು ರೊಟ್ಟಿ ತಿಂದು ಅಂಗಡಿಗೆ ಹೋದಳು.

ಆ ಗಾಡಿಯ ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಗಿತ್ತು, ಎಣ್ಣೆಯೂ ಸೋರುತ್ತಿತ್ತು. ಪವರ್ ಸ್ಟೇರಿಂಗ್ ಎಂದರೇನೆಂದು ತಂಗಿ ನನಗೆ ಫೋನಿನಲ್ಲಿ ಪಾಠ ಮಾಡಿದ್ದಳು. ಎಂಜಿನ್ನು ಒಂದು ಬೆಲ್ಟನ್ನು ತಿರುಗಿಸುತ್ತದೆ, ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ದೂಡುತ್ತದೆ, ಆ ಎಣ್ಣೆಯ ಬಲದಿಂದ ನಮ್ಮ ಕೈಗೆ ಸ್ಟೇರಿಂಗ್ ಹಗುರಾಗುತ್ತದೆ. ಅವಳು ಪಂಪು, ಪೈಪು, ಬೆಲ್ಟು, ಬೆಲ್ಟು ಕೂಡುವ ಪುಲ್ಲಿ, ಎಲ್ಲವನ್ನೂ ಹೊಸದು ಹಾಕಿದಳು. ಹೊಸ ಎಣ್ಣೆ ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಗಾಡಿ ನರಳುತ್ತದಂತೆ. ಅದಕ್ಕೆ ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ, ಎಣ್ಣೆ ಡಬ್ಬಿಯಲ್ಲಿ ಒಂದು ಗುಳ್ಳೆಯೂ ಏಳದಂತಾಗುವವರೆಗೆ ಗಾಳಿ ತೆಗೆದಳು. ಗಾಡಿ ಬೆಣ್ಣೆಯಂತಾಯಿತು.

ಒಯ್ಯಲು ಸಾವುಕಾರರ ಸಂಗಡ ಅವರ ಹೆಂಡತಿಯೂ ಬಂದಿದ್ದರು. ಎತ್ತರದ ಆಳು, ದೊಡ್ಡ ಕುಂಕುಮ, ದೊಡ್ಡ ದನಿ. ಗಾಡಿ ಮಾಡಿದವಳು ಈ ಹುಡುಗಿ, ಇವಳೊಬ್ಬಳೇ ಎಂದು ಕೇಳಿ ಅವರಿಗೆ ಆದ ಖುಷಿ ನಮ್ಮನ್ನು ಹೆತ್ತ ಅಮ್ಮಿಗೂ ಆಗಿರಲಿಕ್ಕಿಲ್ಲ. “ನೀನs ಮಾಡೀಯೇನ ಯವ್ವಾ? ಒಬ್ಬಾಕೇ? ಯಾವ ಯಾವ ಸಾಮಾನು ಹೊಸಾದು ಹಾಕಿ, ತೋರ್ಸು ನನಗ” ಎಂದು ಬಾನೆಟ್ ತೆಗೆಸಿ ಒಂದೊಂದನ್ನೇ ಬೆರಳು ಮಾಡಿ ಕೇಳಿದರಂತೆ. ತಂಗಿಯೂ ಉಬ್ಬಿ, ಇದು ಪಂಪ್ರಿ, ಇದು ಪುಲ್ಲಿರಿ, ಇದು ಬೆಲ್ಟ್‌ರಿ ಎಂದು ತೋರಿಸಿದಳಂತೆ. ಗಾಡಿ ಹೋಯಿತು. ರಾತ್ರಿ ಊಟದ ಹೊತ್ತಿಗೆ ಅಬ್ಬಾ ಯಾದಗಿರಿ ಮಿಸ್ತ್ರಿಗೆ ಫೋನು ಮಾಡಿಸಿ, ಭಾನುವಾರ ಬಂದು ಜವಾಬು ತಗೊಂಡು ಹೋಗ್ರಿ ಎಂದರು. ಜವಾಬು ಏನೆಂದು ನಮಗೆಲ್ಲ ಗೊತ್ತಿತ್ತು. ನಾನು ಶಹಾಪುರದಲ್ಲಿ ಸಕ್ಕರೆ ಹಂಚಿದೆ.

ಮರುದಿನ ಅಮಾವಾಸ್ಯೆ. ಅದರ ಮರುದಿನವೇ ಭಾನುವಾರ. ಬೆಳಿಗ್ಗೆ ತಂಗಿಯ ಫೋನು ಬಂತು.

“ಆಪಾ, ಗಾಡಿ ತಿರುಗಿ ಬಂದದ.”

ಬುರ್ಖಾ ಸಿಗಿಸಿಕೊಂಡು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಗದ್ದೆಗಳು ಹಸಿರಾಗಿದ್ದವು, ಅವನ್ನು ನೋಡುವ ಮನಸ್ಸೇ ಇರಲಿಲ್ಲ. ಪಕ್ಕದ ಸೀಟಿನ ಹೆಂಗಸು ಎಲ್ಲಿಗಿ ಹೊಂಟೀರಿ ಎಂದು ಕೇಳಿದ್ದಕ್ಕೆ ಸಿಡುಕಿದೆ. ಪಾಪ, ಅವರದೇನು ತಪ್ಪು.

ನಾನು ಹೋಗುವಷ್ಟರಲ್ಲಿ ಗ್ಯಾರೇಜಿನ ಮುಂದೆ ಎಲ್ಲರೂ ಸೇರಿಬಿಟ್ಟಿದ್ದರು. ಸಾವುಕಾರರು ಗಾಡಿಯ ಪಕ್ಕ ಕೈ ಕಟ್ಟಿ ನಿಂತಿದ್ದರು. ಸಾವುಕಾರ್ತಿ ಅವ್ವ ಮುದನಾಳದ ತವರಿಗೆ ಹೊರಟವರು, ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಬ್ಬಾ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಹೇಗೋ ಬಂದು ಬೇವಿನ ಮರದ ಕೆಳಗೆ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಜವಾಬಿಗೆಂದು ಬಂದ ಯಾದಗಿರಿ ಮಿಸ್ತ್ರಿ ಅವರ ಪಕ್ಕದಲ್ಲಿ. ಇಂಥ ಮುಹೂರ್ತ ಹುಡುಕಿದರೂ ಸಿಗುವುದಿಲ್ಲ ನೋಡಿ!

ಸಾವುಕಾರರು ಗಾಡಿ ಚಾಲೂ ಮಾಡಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ತೋರಿಸಿದರು. ಕೀಂಈಈ ಎಂದು ಅದು ಚೀರಿದ ರೀತಿಗೆ ಬೇವಿನ ಮರದ ಗುಬ್ಬಿಗಳೆಲ್ಲ ಎದ್ದು ಹೋದವು. ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ಜಾರಿದಾಗ ಬರುತ್ತದಲ್ಲ, ಅಂಥ ಸದ್ದು. ಎಡಕ್ಕೆ ತಿರುಗಿಸಿದರೆ ಅದೇ ಹಾಡು.

“ನಿನ್ನೆ ಸಂಜಿಂದ ಹಿಂಗs ಮಾಡಾಕತ್ತದ” ಎಂದರು ಸಾವುಕಾರರು. “ಬಜಾರದಾಗ ತಿರುವಿದ್ರ ಮಂದಿ ಹೊಳ್ಳಿ ನೋಡ್ತಾರ. ಮೊದಲು ಸ್ಟೇರಿಂಗ್ ಬಿಗಿ ಇತ್ತು, ಸುಮ್ಮನರ ಇತ್ತು.”

ಅಬ್ಬಾರಿಗೆ ಚೀರಾಟ ಕೇಳಿಸಲಿಲ್ಲ. ಅವರು ಗುಬ್ಬಿ ಎದ್ದದ್ದನ್ನು ನೋಡಿದರು, ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಏನು, ಏನಂತ, ಎಂದು ಕೈ ಆಡಿಸಿ ಕೇಳಿದರು. ಎಂಥ ಕಿವಿಯ ಮನುಷ್ಯ! ಅವರು ಹಾಗೆ ಕೇಳುವುದನ್ನು ನೋಡಲಾಗದೆ ನಾನು ಗಾಡಿಯ ಕಡೆ ತಿರುಗಿದೆ.

ಯಾದಗಿರಿ ಮಿಸ್ತ್ರಿ ಎದ್ದು ಬಂದು ಗಾಡಿ ಬಂದ್ ಮಾಡಿಸಿ ಬಗ್ಗಿ ನೋಡಿದರು. ಪುಲ್ಲಿಯ ಸುತ್ತ ಇಟ್ಟಂಗಿ ಬಣ್ಣದ ತೆಳ್ಳಗಿನ ಪುಡಿ ಅಂಟಿಕೊಂಡಿತ್ತು. ಅದನ್ನು ತೋರಿಸಿ ತಲೆ ಅಲ್ಲಾಡಿಸಿದರು. “ಇದು ಪಂಪಿನ ಬೇರಿಂಗ್ ತುಕ್ಕು ರಿ. ಬೇರಿಂಗ್ ಒಣಗಿ ತಿಂದುಕೊಂಡಾಗ ಹಿಂಗ ಕೆಂಪು ಪುಡಿ ಉದುರ್ತದ. ಹುಡುಗಿಗಿ ಯಾರೋ ಹಾಳು ಪಂಪ್ ಕೊಟ್ಟಾರ, ಈಕಿ ನೋಡದs ಕೂಡ್ಸ್ಯಾಳ.” ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ತಮಗೆ ತಿಳಿದದ್ದನ್ನು ಹೇಳಿದರು, ಅಷ್ಟೇ. ಕೆಂಪು ಪುಡಿ ಕಂಡರೆ ಯಾವ ಮಿಸ್ತ್ರಿಯಾದರೂ ಹಾಗೆಯೇ ಹೇಳುತ್ತಾನೆ ಎಂದು ತಂಗಿಯೇ ಆಮೇಲೆ ಒಪ್ಪಿಕೊಂಡಳು. ಆದರೆ ಆಗ ನನಗೆ ಅದೆಲ್ಲಿ ಗೊತ್ತು?

“ನೋಡದs ಕೂಡ್ಸಾಕ ಆಕಿಗೇನು ಕಣ್ಣಿಲ್ಲೇನ್ರಿ?” ಎಂದು ಬಾಯಿ ಹಾಕಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

“ಆಪಾ, ನಕ್ಕೋ” ಎಂದಳು ತಂಗಿ. ಬೇಡ ಎಂದು. ಅವಳ ಮುಖ ಬಿಳಿಚಿಕೊಂಡಿತ್ತು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. “ನೀ ಒಳಗ ಕೂಡು. ನಾ ಅಂದಾಗ ಸ್ಟೇರಿಂಗ್ ತಿರುವು, ನಾ ಅಂದಾಗ ಬಿಡು. ಬ್ಯಾರೆ ಏನೂ ಮುಟ್ಟಬ್ಯಾಡ.”

ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಸಾವುಕಾರರು ಚಾಲೂ ಮಾಡಿಕೊಟ್ಟರು, ನಾನು ಕೂತು ಎರಡು ಕೈಯಿಂದ ಸ್ಟೇರಿಂಗ್ ಹಿಡಿದೆ. ತೆರೆದ ಬಾನೆಟ್ಟಿನ ಸಂದಿಯಿಂದ ತಂಗಿಯ ಹಣೆ ಮಾತ್ರ ಕಾಣುತ್ತಿತ್ತು. ಮೊದಲು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ನೊರೆ ಇಲ್ಲ, ಗುಳ್ಳೆ ಇಲ್ಲ. ಅಂದರೆ ಗಾಳಿಯ ಕಾಟವಲ್ಲ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅಬ್ಬಾ ಹೀಗೆಯೇ ಮಾಡುತ್ತಿದ್ದರು, ಡಾಕ್ಟರು ಎದೆ ನೋಡಿದಂತೆ. ಕುರ್ಚಿಯಲ್ಲಿ ಅಬ್ಬಾ ಸ್ವಲ್ಪ ಮುಂದಕ್ಕೆ ಬಾಗಿದ್ದು ನನಗೆ ಕಂಡಿತು.

“ಬೇರಿಂಗ್ ಅಲ್ರಿ” ಎಂದಳು. “ಬೇರಿಂಗ್ ಹೋಗಿದ್ರ ಸ್ಟೇರಿಂಗ್ ಸುಮ್ಮ ಇದ್ದಾಗೂ ಗುರ್ ಅಂತಿತ್ತು. ಒಳಗ ಬೆಣ್ಣಿ ಹಂಗ ತಿರುಗಾಕತ್ತದ. ಆಪಾ, ತಿರುವು!”

ತಿರುಗಿಸಿದೆ. ಚೀರಿತು. ಅವಳು ಲೋಟದಲ್ಲಿ ನೀರು ತಗೊಂಡು ಓಡುತ್ತಿರುವ ಬೆಲ್ಟಿನ ಮೇಲೆ ಸ್ವಲ್ಪವೇ ಚಿಮುಕಿಸಿದಳು. ಅಯ್ಯಯ್ಯೋ, ಆಗ ಚೀರಿದ್ದು ನೋಡಬೇಕಿತ್ತು! ಮೊದಲಿನದಕ್ಕಿಂತ ಎರಡು ಪಟ್ಟು. ಸಾವುಕಾರರು ಕಿವಿ ಮುಚ್ಚಿಕೊಂಡರು. ತಂಗಿಯ ಮುಖದಲ್ಲಿ ಮಾತ್ರ ಮೊದಲ ಸಲ ಬಣ್ಣ ಬಂತು.

“ನೋಡ್ರಿ ಮಿಸ್ತ್ರಿ, ಬೇರಿಂಗಿಗಿ ನೀರಿನ ಹಂಗಿಲ್ಲ. ನೀರು ಹಾಕಿದ್ರ ಜಾಸ್ತಿ ಚೀರ್ತದಂದ್ರ ಬೆಲ್ಟು ಜಾರಾಕತ್ತದ. ಸ್ಟೇರಿಂಗ್ ಕಡೀತನಕ ತಿರುವಿದಾಗ ಪಂಪಿನ ಮ್ಯಾಲ ಭಾರ ಬೀಳ್ತದ, ಆಗ ಜಾರ್ತದ.”

ಮಿಸ್ತ್ರಿ ಹುಬ್ಬೇರಿಸಿದರು. “ಹೊಸಾ ಬೆಲ್ಟು, ಬಿಗಿ ಸರಿ ಅದ. ಯಾಕ ಜಾರ್ತದ?”

ಅದೇ ಹೊತ್ತಿಗೆ ಪುಲ್ಲಿಯಿಂದ ನೀರು ತೊಟ್ಟಿಕ್ಕಿ ಅವಳ ಕೈ ಮೇಲೆ ಬಿತ್ತು. ಗಾಡಿ ಬಂದ್ ಮಾಡಿಸಿದಳು. ನಾನು ಇಳಿದು ಹೋಗಿ ಪಕ್ಕ ನಿಂತೆ. ಅವಳು ಬೆರಳಿನಿಂದ ಪುಲ್ಲಿಯ ಆ ಕೆಂಪನ್ನು ಉಜ್ಜಿ ನೋಡಿದಳು. ತುಕ್ಕಾದರೆ ಮರಳಿನಂತೆ ಕರಕರ ಎನ್ನಬೇಕು. ಇದು ನುಣ್ಣಗಿತ್ತು, ಜಿಡ್ಡು ಜಿಡ್ಡು. ನೀರು ತಾಗಿದಲ್ಲಿ ಬೆರಳಿಗೆ ಕೆಂಪು ಹತ್ತಿತ್ತು. ಮೂಗಿನ ಹತ್ತಿರ ಹಿಡಿದಳು. ನಾನೂ ಮೂಸಿದೆ. ಕೊಬ್ಬರಿ ಎಣ್ಣೆ. ಕುಂಕುಮ.

ಅಮಾವಾಸ್ಯೆ! ನಮ್ಮ ಕಡೆ ಗಾಡಿ ಇದ್ದವರು ಅಮಾವಾಸ್ಯೆಗೆ ಗಾಡಿ ತೊಳೆದು ಕಾಯಿ ಒಡೆದು ಪೂಜೆ ಮಾಡದೆ ಬಿಡುವುದಿಲ್ಲ. ಸಾಮಾನ್ಯವಾಗಿ ಬಾನೆಟ್ಟಿನ ಮೇಲೆ, ಗಾಲಿಗೆ ಕುಂಕುಮ ಹಚ್ಚುತ್ತಾರೆ. ಈ ಅವ್ವ ಬಾನೆಟ್ ತೆಗೆಸಿ, ತಂಗಿ ತೋರಿಸಿದ ಹೊಸ ಸಾಮಾನುಗಳನ್ನೆಲ್ಲ ನೆನಪಿಟ್ಟು, ಒಂದೊಂದಕ್ಕೂ ಧಾರಾಳವಾಗಿ ಹಚ್ಚಿದ್ದರು. ಅದೂ ಎಣ್ಣೆಯಲ್ಲಿ ಕಲಸಿದ ಕುಂಕುಮ. ಬೆಲ್ಟು ಪುಲ್ಲಿಯ ಮೇಲೆ ತಿರುಗಿ ತಿರುಗಿ ಅದನ್ನು ಅರೆದು ತುಕ್ಕಿನ ಬಣ್ಣಕ್ಕೆ ತಂದಿತ್ತು. ಎಣ್ಣೆ ಹತ್ತಿದ ಬೆಲ್ಟು ಜಾರದೆ ಇನ್ನೇನು ಮಾಡುತ್ತದೆ?

ನನಗೆ ಕುಣಿಯುವಷ್ಟು ಖುಷಿಯಾಯಿತು. ಸಿಕ್ಕಿತು! ಅಂಗಡಿ ಉಳಿಯಿತು! ಬಾಯಿ ತೆಗೆದೇಬಿಟ್ಟಿದ್ದೆ. ತಂಗಿ ನನ್ನ ಮುಂಗೈಯನ್ನು ಹಿಡಿದ ಹಿಡಿತ ಹೇಗಿತ್ತೆಂದರೆ, ಬೋಲ್ಟು ಬಿಗಿದು ಬಿಗಿದು ಗಟ್ಟಿಯಾದ ಬೆರಳುಗಳು, ನನ್ನ ಬಳೆ ಚಟ್ಟೆಂದು ಒಡೆಯಿತು.

“ಹೇಳಬ್ಯಾಡ” ಎಂದಳು, ನನಗಷ್ಟೇ ಕೇಳುವಂತೆ.

ಆಮೇಲೆ ತಿರುಗಿ, “ಬೆಲ್ಟಿಗಿ ಎಣ್ಣಿ ಹತ್ಯಾದ ಸಾವುಕಾರ್ರ. ತೆಗೆದು ತೊಳೆದು ಹಾಕಿಕೊಡ್ತೀನಿ” ಎಂದಳು.

ಮಿಸ್ತ್ರಿ ಬಿಡುವ ಆಸಾಮಿಯಲ್ಲ. “ಎಣ್ಣಿ ಎಲ್ಲಿಂದ ಬಂತು? ಅಂದ್ರ ಪೈಪು ಸೋರಾಕತ್ತದ. ನೀ ಬಿಗಿ ಮಾಡಿಲ್ಲ.”

“ಪೈಪು ಸೋರಿಲ್ಲರಿ. ಮುಟ್ಟಿ ನೋಡ್ರಿ, ಒಣ ಅದ.”

“ಮತ್ತ ಆಕಾಶದಿಂದ ಬಿತ್ತೇನು?”

ತಂಗಿ ಸುಮ್ಮನೆ ಬೆಲ್ಟು ಬಿಚ್ಚತೊಡಗಿದಳು. ಸಾವುಕಾರರ ದನಿ ಏರಿತು. “ಹೇಳವಾ, ಎಲ್ಲಿಂದ ಬಂತು? ಇವತ್ತ ತೊಳೆದು ಕೊಡ್ತಿ, ನಾಳಿ ಮತ್ತ ಹತ್ತಿದ್ರ? ಶಿರವಾಳದ ತಿರುವಿನಾಗ ಸ್ಟೇರಿಂಗ್ ಕೈ ಕೊಟ್ರ ಯಾರು ಜವಾಬ್ದಾರಿ?”

“ಮತ್ತ ಹತ್ತಂಗಿಲ್ಲರಿ. ಮಾತು ಕೊಡ್ತೀನಿ, ನನ್ನ ಜಬಾನು.”

“ಜಬಾನು ತಗೊಂಡು ಏನ್ಮಾಡ್ಲಿ!” ಎಂದು ಅಬ್ಬಾರ ಕಡೆ ತಿರುಗಿದರು ಸಾವುಕಾರರು. ಮಿಸ್ತ್ರಿಯೂ ಅಬ್ಬಾರ ಕಡೆ ನೋಡಿದರು. ಅವರ ನೋಟದಲ್ಲಿ ಪ್ರಶ್ನೆ ಇತ್ತು, ಜವಾಬು ಏನು ಚಾಚಾ ಎಂದು. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಒಂದೇ ಮಾತು, ಒಂದೇ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಈ ಹುಡುಗಿ ತನ್ನ ಅಂಗಡಿಯನ್ನು ತಾನೇ ಕಳೆದುಕೊಳ್ಳುತ್ತಿದ್ದಾಳಲ್ಲ ಎಂದು ನನಗೆ ಅವಳ ಮೇಲೇ ಸಿಟ್ಟು ಬಂತು. ಅವಳನ್ನು ಹಿಡಿದು ಜಾಡಿಸಬೇಕೆನಿಸಿತು.

ತಂಗಿ ಬೆಲ್ಟನ್ನು ಸೋಪಿನ ನೀರಿನಲ್ಲಿ ತಿಕ್ಕಿ ಬಿಸಿಲಿಗೆ ಹರವಿದಳು. ಬಿಳಿ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಪುಲ್ಲಿಯ ಸಂದಿ ಸಂದಿ ಒರೆಸಿದಳು. ಅವಸರ ಮಾಡಲಿಲ್ಲ. ಬೆಲ್ಟು ಒಣಗಿದ ಮೇಲೆ ಕೂಡಿಸಿ, ಬಿಗಿ ನೋಡಿ, ಸಾವುಕಾರರಿಗೆ ಕೈ ಸನ್ನೆ ಮಾಡಿದಳು. ಗಾಡಿ ಚಾಲೂ ಆಯಿತು. ಬಲಕ್ಕೆ ಪೂರ್ತಿ, ಎಡಕ್ಕೆ ಪೂರ್ತಿ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಾವುಕಾರರು ಇನ್ನೊಮ್ಮೆ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ಆದರೂ ಮುಖ ಸಡಿಲಾಗಲಿಲ್ಲ. “ಈಗೇನೋ ಸುಮ್ಮ ಆತು. ಕಾರಣ ಹೇಳಲಿಲ್ಲಲ್ಲ ಈಕಿ” ಎಂದರು.

ಆಗ ಸಾವುಕಾರ್ತಿ ಅವ್ವ ಬುತ್ತಿ ಗಂಟು ಸೀಟಿನ ಮೇಲಿಟ್ಟು ಕೆಳಗಿಳಿದರು. ತಂಗಿಯ ಕೈಯಲ್ಲಿದ್ದ ಬಟ್ಟೆಯ ಮೇಲೆ ಅವರ ಕಣ್ಣು ಬಿದ್ದಿತ್ತು. ಬಟ್ಟೆ ಅಲ್ಲಲ್ಲಿ ಕೆಂಪಾಗಿತ್ತು.

“ಅದ್ಯಾಕ ಯವ್ವಾ ಕೆಂಪಗದ?”

ತಂಗಿ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. “ಏನಿಲ್ಲರಿ ಅವ್ವಾರ, ಹೊಲಸು. ನೀವು ನೆಳ್ಳಿಗಿ ಬರ್ರಿ, ನೀರು ಕುಡೀರಿ.”

“ಕೊಡಿಲ್ಲಿ.” ಆ ದನಿಗೆ ಯಾರು ಇಲ್ಲ ಎನ್ನಬೇಕು? ಬಟ್ಟೆ ಇಸಿದುಕೊಂಡು ಮೂಸಿದರು. ಆಮೇಲೆ ಕೈಯಿಂದ ಹಣೆ ಹಣೆ ಬಡಿದುಕೊಂಡರು. “ಅಯ್ಯ ನನ್ನ ಶಿವನ! ಇದು ನಾ ಹಚ್ಚಿದ್ದು! ನಿನ್ನೆ ಅಮಾಸಿ ಪೂಜಿಗಿ ನಾನs ಹಚ್ಚೀನಿ!”

“ಏನು ಹಚ್ಚೀದಿ?” ಎಂದರು ಸಾವುಕಾರರು.

“ಕುಂಕುಮ ರೀ. ನಮ್ಮ ಅಡತ್ಯಾಗ ತಕ್ಕಡಿಗಿ, ತಿಜೋರಿಗಿ ಹಚ್ಚಂಗಿಲ್ಲೇನು, ಎಣ್ಣ್ಯಾಗ ಕಲಿಸಿ? ಕಬ್ಬಿಣಕ್ಕ ಒಣಾ ಕುಂಕುಮ ನಿಂದ್ರಂಗಿಲ್ಲ. ಈ ಹುಡುಗಿ ಹೊಸಾ ಸಾಮಾನು ಹಾಕ್ಯಾಳ, ಹೆಣಮಗಳ ಕೈ ಕೆಲಸ, ದೃಷ್ಟಿ ಆಗಬಾರ್ದು ಅಂತ ಆಕಿ ತೋರ್ಸಿದ್ದಕ್ಕೆಲ್ಲ ಹಚ್ಚೀನಿ. ಸಂದ್ಯಾಗೂ ಬೆರಳು ಹಾಕಿ ಹಚ್ಚೀನಿ!” ಆಮೇಲೆ ತಂಗಿಯ ಮೇಲೆ ಹರಿಹಾಯ್ದರು. “ಗೊತ್ತಾಗಿತ್ತಲ್ಲ ನಿನಗ? ಹೇಳಾಕೇನು ಧಾಡಿ? ಇಷ್ಟೊತ್ತು ಇವರೆಲ್ಲರ ಕಡಿಂದ ಬೈಸ್ಕೊಂಡು ನಿಂತೀಯಲ್ಲ!”

ತಂಗಿ ತಲೆ ತಗ್ಗಿಸಿದಳು. “ನೀವು ನನ್ನ ಕೆಲಸಕ್ಕ ಪೂಜಿ ಮಾಡೀರಿ ಅವ್ವಾರ. ಈ ಅಂಗಡ್ಯಾಗ ಇದು ನಿನ್ನ ಕೆಲಸ ಅಂತ ಅಂದವರು ನೀವೊಬ್ಬರೇ. ಆ ಪೂಜೀನs ತಪ್ಪು ಅಂತ ನಾ ಹೆಂಗ ಅನ್ಲಿ?”

ನನ್ನ ಕಣ್ಣು ತುಂಬಿ ಬಂತು. ನಾನೂ ಅವಳ ಸ್ವಂತ ಅಕ್ಕ, ಊರೆಲ್ಲ ಸಕ್ಕರೆ ಹಂಚಿದವಳು. ನನ್ನ ಬಾಯಿಗೆ ಅಂಥ ಮಾತು ಬರುತ್ತಿರಲಿಲ್ಲ. ನಾನಾಗಿದ್ದರೆ ಆ ತಾಯಿಯ ಭಕ್ತಿಯನ್ನು ರಸ್ತೆಗೆ ಹಾಕಿ ಅಂಗಡಿ ಉಳಿಸಿಕೊಳ್ಳುತ್ತಿದ್ದೆ. ಸಾವುಕಾರ್ತಿ ಅವ್ವ ಗ್ರೀಸ್ ಮೆತ್ತಿದ ಅವಳ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ ನೆಟಿಗೆ ಮುರಿದರು. ರೇಷ್ಮೆ ಸೀರೆಗೆ ಕರೆ ಹತ್ತಿತು, ಅವರು ನೋಡಿಕೊಳ್ಳಲಿಲ್ಲ.

ಯಾದಗಿರಿ ಮಿಸ್ತ್ರಿ ಪುಲ್ಲಿಯನ್ನು ಇನ್ನೊಮ್ಮೆ ನೋಡಿ ಜೋರಾಗಿ ನಕ್ಕುಬಿಟ್ಟರು. “ಇಷ್ಟು ವರ್ಷ ಗಾಡಿ ಬಿಚ್ಚೀನಿ, ಕುಂಕುಮಕ್ಕ ತುಕ್ಕು ಅಂದದ್ದು ಇದs ಮೊದಲು ನೋಡ್ರಿ.” ಸಾವುಕಾರರೂ ಮೀಸೆಯಲ್ಲೇ ನಕ್ಕರು. ತಂಗಿ ಸಾವುಕಾರ್ತಿ ಅವ್ವನನ್ನು ಬಾನೆಟ್ಟಿನ ಹತ್ತಿರ ಕರೆದುಕೊಂಡು ಹೋಗಿ, “ಮುಂದಿನ ಅಮಾಸಿಗಿ ಇಲ್ಲಿ ಹಚ್ರಿ, ಈ ತಗಡಿನ ಪಟ್ಟಿ ಮ್ಯಾಲ. ಎಷ್ಟರ ಹಚ್ರಿ. ತಿರುಗೋ ಸಾಮಾನಿಗಿ ಮಾತ್ರ ಬ್ಯಾಡ್ರಿ” ಎಂದು ತೋರಿಸಿದಳು. ಅವರು ವಿಧೇಯ ಶಾಲಾ ಹುಡುಗಿಯಂತೆ ತಲೆ ಆಡಿಸಿ ಗಾಡಿ ಹತ್ತಿದರು. ಗಾಡಿ ಸದ್ದಿಲ್ಲದೆ ತಿರುಗಿ ಯಾದಗಿರಿ ರಸ್ತೆ ಹಿಡಿಯಿತು.

ಇಷ್ಟರಲ್ಲಿ ಅಬ್ಬಾರಿಗೆ ಎಷ್ಟು ಕೇಳಿಸಿತ್ತೋ, ಎಷ್ಟು ಕಂಡಿತ್ತೋ ಗೊತ್ತಿಲ್ಲ. ನಾನು ಹತ್ತಿರ ಹೋಗಿ ಅವರ ಕಿವಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕೂಗಿ ಹೇಳಿದೆ. ಬೆಲ್ಟು, ನೀರು, ಕುಂಕುಮ, ಅವಳು ನನ್ನ ಕೈ ಹಿಡಿದದ್ದು, ಒಡೆದ ಬಳೆ. ಯಾದಗಿರಿ ಮಿಸ್ತ್ರಿ ಜವಾಬು ಕೇಳಲಿಲ್ಲ. ಅಬ್ಬಾರ ಮೊಣಕಾಲು ಮುಟ್ಟಿ ಸಲಾಮು ಮಾಡಿ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.

ಅಬ್ಬಾ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಹಿಡಿಯಲು ಹೋದ ನನ್ನನ್ನು ದೂರ ಸರಿಸಿದರು. ನೀರಿನ ಪೀಪಾಯಿಯ ಹತ್ತಿರ ಹೋಗಿ, ಆ ದಿನ ಏನನ್ನೂ ಮುಟ್ಟದ ಕೈಗಳನ್ನು ಸೋಪು ಹಚ್ಚಿ ತೊಳೆದರು. ಟೋಪಿ ಸರಿ ಮಾಡಿಕೊಂಡರು. ತಂಗಿ ಚಪ್ಪರದೊಳಗೆ ಪಾನಾ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಅಬ್ಬಾ ಹೋಗಿ ಅವಳ ಮುಂದೆ ನಿಂತರು.

ಗ್ಯಾರೇಜುಗಳಲ್ಲಿ ಒಂದು ರಿವಾಜು ಇದೆ. ಕೆಲಸ ಮುಗಿಸಿದವನು ಕೈ ತೊಳೆದು ಅಂಗಡಿಯ ಉಸ್ತಾದನ ಮುಂದೆ ನಿಂತು, ಹೋಗಲೇ ಎಂದು ಕೇಳಿ, ಆತ ಹೋಗು ಎಂದ ಮೇಲೆಯೇ ಮನೆಗೆ ಹೊರಡಬೇಕು. ಯಾರನ್ನೂ ಕೇಳದೆ ಹೊರಡುವವನು ಉಸ್ತಾದ್ ಒಬ್ಬನೇ. ನಾನು ಹುಟ್ಟಿದಾಗಿನಿಂದ ಅಬ್ಬಾ ಯಾರನ್ನೂ ಕೇಳಿದ್ದು ನೋಡಿಲ್ಲ.

“ಉಸ್ತಾದ್, ನಾ ಹೋಗ್ಲೇನ್ರಿ?” ಎಂದರು ಅಬ್ಬಾ.

ತಂಗಿಯ ಕೈಯಿಂದ ಪಾನಾ ಬಿತ್ತು. ನನ್ನ ಕಡೆ ನೋಡಿದಳು, ನಾನು ಆಗಲೇ ಬುರ್ಖಾದ ತುದಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ನನ್ನಿಂದ ಏನೂ ಉಪಯೋಗವಿಲ್ಲವೆಂದು ಗೊತ್ತಾಗಿ ಮತ್ತೆ ಅಬ್ಬಾರ ಕಡೆ ತಿರುಗಿದಳು. ಉಸಿರು ಎಳೆದುಕೊಂಡು, ಅಬ್ಬಾರಿಗೆ ಕೇಳಿಸಬೇಕಲ್ಲ, ಇಡೀ ರಸ್ತೆಗೆ ಕೇಳುವಂತೆ ಕೂಗಿ ಹೇಳಿದಳು.

“ಹೋಗ್ರಿ ಅಬ್ಬಾ! ನಾಳಿ ಲಗೂನ ಬರ್ರಿ, ಕೆಲಸ ಭಾಳ ಅದ!”

“ಹೌದ್ರಿ” ಎಂದರು ಅಬ್ಬಾ, ಮತ್ತು ಬೆನ್ನಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಮನೆಯ ದಾರಿ ಹಿಡಿದರು.